ಮೊದಲ ತುತ್ತು ಯಾರಿಗೆ? ಕೊನೆಯ ತುತ್ತು ಯಾರಿಗೆ?

ಮನೆಯಲ್ಲಿ ಎರಡೂವರೆ ವರ್ಷದ ಮಗು ಒಂದು, ಎಂಟು ತಿಂಗಳ ಕೂಸು ಇನ್ನೊಂದು. ದೇವರ ಮುಂದೆ ಪೂಜೆ ನಡೆಯುತ್ತಿದೆ. ನೈವೇದ್ಯ ಇನ್ನೂ ಆಗಿಲ್ಲ. ದೊಡ್ಡದು ಹಸಿದು ಅಳುತ್ತಿದೆ, ಅದನ್ನು ಕೇಳಿ ಚಿಕ್ಕದೂ ದನಿಗೂಡಿಸಿದೆ. ಒಲೆಯ ಮೇಲೆ ಅನ್ನ ಸಿದ್ಧವಾಗಿದೆ. ಮಕ್ಕಳಿಗೆ ಬಡಿಸಬಹುದೇ, ಬಡಿಸಬಾರದೇ? ಇದು ಅಡಿಗೆಮನೆಯ ಸಣ್ಣ ವಿಷಯವೆಂದು ತೋರಿದರೂ ನಿಜವಾಗಿ ಧರ್ಮಜಿಜ್ಞಾಸೆಯೇ ಆಗಿದೆ. ನಮ್ಮ ಶಾಸ್ತ್ರಕಾರರು ಯಾವ ವಿಷಯವನ್ನಾದರೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಫಲ ಎಂಬ ಕ್ರಮದಲ್ಲಿ ವಿಚಾರಿಸುವುದು ರೂಢಿ. ಈ ಪುಟ್ಟ ವಿಷಯವನ್ನೂ ಅದೇ ಕ್ರಮದಲ್ಲಿ ವಿಚಾರಿಸೋಣ.

ವಿಷಯ ಮತ್ತು ಸಂಶಯ

ಊರಿನ ದೊಡ್ಡ ಮನೆಗಳಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿ ಏಳುತ್ತಿರಲಿಲ್ಲ. ಅಜ್ಜಿ, ದೊಡ್ಡಮ್ಮ, ಸೋದರತ್ತೆ ಎಂದು ನಾಲ್ಕಾರು ಕೈಗಳಿರುತ್ತಿದ್ದವು. ಒಬ್ಬರು ಮಡಿಯಲ್ಲಿ ಅಡಿಗೆಗೆ ನಿಂತರೆ ಮತ್ತೊಬ್ಬರು ಹಿತ್ತಲ ಜಗಲಿಯಲ್ಲಿ ಕುಳಿತು ಮಕ್ಕಳಿಗೆ ಉಣಿಸುತ್ತಿದ್ದರು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಸ್ಥಿತಿ ಬೇರೆ. ಎರಡು ಕೋಣೆಯ ಮನೆ, ಎರಡು ಬರ್ನರಿನ ಒಲೆ, ಬೆಳಗಿನ ಲೋಕಲ್ ಹಿಡಿಯಬೇಕಾದ ಯಜಮಾನ, ಮನೆಗೆಲ್ಲ ಒಬ್ಬಳೇ ಗೃಹಿಣಿ. ಅನೇಕ ಮನೆಗಳಲ್ಲಿ ಆಕೆಯೂ ಉದ್ಯೋಗಕ್ಕೆ ಹೋಗಬೇಕಾದವಳು. ಆಕೆ ಯಜಮಾನನ ಡಬ್ಬಿಗೆ ಒಂದು ಅಡಿಗೆ, ದೇವರ ನೈವೇದ್ಯಕ್ಕೂ ಹಿರಿಯರಿಗೂ ಒಂದು, ದೊಡ್ಡ ಮಗುವಿಗೆ ಖಾರವಿಲ್ಲದ್ದು ಒಂದು, ಆಗತಾನೇ ಅನ್ನ ಹಿಡಿದ ಕೂಸಿಗೆ ಇನ್ನೊಂದು ಎಂದು ನಾಲ್ಕು ಅಡಿಗೆ ಮಾಡುತ್ತಾಳೆ. ನಾಲ್ಕೂ ಮುಗಿಯುವಾಗ ಮಧ್ಯಾಹ್ನ ಎರಡೂವರೆಯೋ ಮೂರೋ ಗಂಟೆ.

ಇಲ್ಲಿ ಎರಡು ಸಂಶಯಗಳಿವೆ. ಮಕ್ಕಳಿಗೆ ಹಿರಿಯರಿಗಿಂತ ಮೊದಲು ಬಡಿಸುವುದು ಸದಾಚಾರಕ್ಕೆ ವಿರೋಧವೇ? ಹಿರಿಯರಿಗೂ ಮಗುವಿಗೂ ಕೂಸಿಗೂ ಒಂದೇ ಅಡಿಗೆ ಆಗಬಹುದೇ?

ಪೂರ್ವಪಕ್ಷ

ಪೂರ್ವಪಕ್ಷಿಯು ಮೂರು ಆಕ್ಷೇಪಗಳನ್ನು ಮುಂದಿಡುತ್ತಾನೆ. ಮೊದಲನೆಯದು: ತನಗಾಗಿಯೇ ಅಡಿಗೆ ಮಾಡಿಕೊಂಡು ಉಣ್ಣುವವನು ಪಾಪವನ್ನೇ ಉಣ್ಣುತ್ತಾನೆಂದೂ ಯಜ್ಞಶೇಷವನ್ನು ಉಣ್ಣುವವನು ಪಾಪಮುಕ್ತನಾಗುತ್ತಾನೆಂದೂ ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿದ್ದಾನೆ. ಹೀಗಿರಲು ಭಗವಂತನಿಗೆ ಅರ್ಪಿಸದ ಅನ್ನವನ್ನು ಮಗುವಿಗಾದರೂ ಕೊಡುವುದು ಹೇಗೆ? ಸಂಸ್ಕಾರ ಆರಂಭವಾಗಬೇಕಾದದ್ದೇ ಅಲ್ಲಿಂದಲ್ಲವೇ? ಎರಡನೆಯದು: ಮಗು ಕೈಯಿಟ್ಟಲ್ಲೆಲ್ಲ ಮುಸುರೆ, ಬಾಯಿಟ್ಟಲ್ಲೆಲ್ಲ ಎಂಜಲು. ಆದ್ದರಿಂದ ಅದರ ಅಡಿಗೆ ಪ್ರತ್ಯೇಕವಾಗಿರುವುದೇ ಕ್ಷೇಮ. ಮೂರನೆಯದು: ಎಳೆಗೂಸಿನ ಜಠರಕ್ಕೆ ನಮ್ಮ ಅನ್ನ ಹಿಡಿಸದು; ಅದಕ್ಕೆ ಡಬ್ಬಿಯ ಪುಡಿಯೇ ಸರಿ.

ಈ ಪೂರ್ವಪಕ್ಷವನ್ನು ನಾನು ಬಲ್ಲೆ. ಏಕೆಂದರೆ ಒಂದು ಕಾಲದಲ್ಲಿ ನಾನೇ ಆ ಪೂರ್ವಪಕ್ಷಿಯಾಗಿದ್ದೆ. 1992ರ ಸುಮಾರಿಗೆ ಸೊಲ್ಲಾಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನನಗೆ ಎರಡೂವರೆ ವರ್ಷದ ಮಗ, ಎಂಟು ತಿಂಗಳ ಮಗಳು. ರಾತ್ರಿಪಾಳಿ ಮುಗಿಸಿ ಎಂಟು ಗಂಟೆಗೆ ಮನೆಗೆ ಬಂದು, ಸ್ನಾನ, ಸಂಧ್ಯಾವಂದನೆ, ಪೂಜೆಗಳನ್ನೆಲ್ಲ ಯಾವ ಲೋಪವೂ ಇಲ್ಲದಂತೆ ಮುಗಿಸುವಾಗ ಹನ್ನೊಂದೂವರೆಯಾಗುತ್ತಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಅನ್ನ ಮುಟ್ಟಕೂಡದೆಂಬುದು ನನ್ನ ಕಟ್ಟಳೆ. ಅತ್ತ ಮಗನ ಕೈಗೆ ಬಿಸ್ಕತ್ತು ಕೊಟ್ಟು ಸುಮ್ಮನಾಗಿಸುವುದು ನಡೆದಿತ್ತು. ಬಿಸ್ಕತ್ತಿಗೆ ನೈವೇದ್ಯದ ಕಟ್ಟಳೆ ಏಕಿಲ್ಲವೆಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಒಂದು ದಿನ ಅವನ ಅಳು ಕೇಳಲಾರದೆ ಪಕ್ಕದ ಮನೆಯ ಮರಾಠಿ ಅಜ್ಜಿ ಬಂದು ಅವನನ್ನು ಎತ್ತಿಕೊಂಡು ಹೋಗಿ ವರಣ-ಭಾತ ಉಣಿಸಿ ಕಳುಹಿಸಿದರು. ಅವರು ಪಂಢರಪುರದ ವಾರಿಗೆ ನಡೆದು ಹೋಗುವವರು, ಕೊರಳಲ್ಲಿ ತುಳಸಿಮಣಿ ಧರಿಸಿದವರು. ನಾನು ಮುಖ ಗಂಟಿಕ್ಕಿದ್ದನ್ನು ಕಂಡು, ನಮ್ಮ ದೇವರ ಮಂಟಪದಲ್ಲಿದ್ದ ಕಡೆಗೋಲು ಹಿಡಿದ ಉಡುಪಿಯ ಕೃಷ್ಣನ ಪಟವನ್ನು ತೋರಿಸಿ, "ನಿಮ್ಮ ದೇವರೂ ಮಗುವೇ ಅಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಶಾಸ್ತ್ರ ತಿಳಿಯದವರ ಮಾತೆಂದು ಎಣಿಸಿದೆ. ಶಾಸ್ತ್ರ ತಿಳಿಯದವನು ನಾನೆಂಬುದು ಗೊತ್ತಾಗಲು ಬಹಳ ವರ್ಷಗಳು ಬೇಕಾದವು.

ಸಿದ್ಧಾಂತ: ಮಕ್ಕಳಿಗೆ ಅಗ್ರಭೋಜನ

ಮಕ್ಕಳು ಯಾವಾಗ ಉಣ್ಣಬೇಕೆಂಬುದರ ಬಗ್ಗೆ ಸ್ಮೃತಿಗಳು ಮೌನವಾಗಿಲ್ಲ. ಗೃಹಸ್ಥನು ಅತಿಥಿಯನ್ನು ಉಣಿಸಿದ ಮೇಲೆಯೇ ತಾನು ಉಣ್ಣಬೇಕೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ, ಹೊಸದಾಗಿ ಮದುವೆಯಾದವರು, ಕನ್ಯೆಯರು, ರೋಗಿಗಳು, ಗರ್ಭಿಣಿಯರು ಇವರಿಗೆ ಅತಿಥಿಗಿಂತಲೂ ಮೊದಲೇ, ಹಿಂದುಮುಂದು ನೋಡದೆ ಉಣಿಸಬೇಕೆಂಬ ವಿಧಿಯಿದೆ. ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯವು ಇಂಥವರ ಪಟ್ಟಿಯಲ್ಲಿ ಮೊಟ್ಟಮೊದಲಿಗೆ ಹೇಳುವುದೇ ಬಾಲರನ್ನು. ಆ ಮೇಲೆ ಸುವಾಸಿನಿಯರು, ವೃದ್ಧರು, ಗರ್ಭಿಣಿಯರು, ರೋಗಿಗಳು, ಕನ್ಯೆಯರು, ಅತಿಥಿಗಳು, ಸೇವಕರು. ಯಾರ ದೇಹವು ಹಸಿವನ್ನು ತಡೆಯಲಾರದೋ ಅವರಿಗೆ ಮೊದಲ ತುತ್ತು ಎಂಬುದೇ ಈ ಕ್ರಮದ ತಾತ್ಪರ್ಯ.

ಇದರಿಂದ ಹಿರಿಯರಿಗೆ ಅಗೌರವವಾಗುವುದೇ ಎಂದರೆ, ನಾನು ಆಯುಷ್ಯ ಸವೆಸಿದ ಇಲಾಖೆಯಿಂದಲೇ ಒಂದು ದೃಷ್ಟಾಂತ ಕೊಡಬಹುದು. ಯಾವ ಗಾಡಿ ಯಾವುದಕ್ಕೆ ದಾರಿ ಬಿಡಬೇಕೆಂಬುದಕ್ಕೆ ರೈಲ್ವೆಯಲ್ಲಿ ನಿಶ್ಚಿತ ಕ್ರಮವಿದೆ. ಪ್ಯಾಸೆಂಜರು ಲೂಪ್ ಲೈನಿನಲ್ಲಿ ನಿಂತು ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡುತ್ತದೆ. ಆದರೆ ಅಪಘಾತ ನಡೆದ ಸ್ಥಳಕ್ಕೆ ಪರಿಹಾರ ಗಾಡಿ ಧಾವಿಸುವಾಗ ರಾಷ್ಟ್ರಪತಿಗಳ ವಿಶೇಷ ಗಾಡಿಯೂ ಅದಕ್ಕೆ ದಾರಿ ಬಿಡಬೇಕು. ಇದರಿಂದ ರಾಷ್ಟ್ರಪತಿಗಳ ಗೌರವಕ್ಕೆ ಕುಂದಿಲ್ಲ. ಯಾರು ದೊಡ್ಡವರೆಂಬುದು ಒಂದು ಪ್ರಶ್ನೆ. ಯಾರು ಕಾಯಲಾರರೆಂಬುದು ಬೇರೆಯೇ ಪ್ರಶ್ನೆ.

ಮುಸುರೆ ಎಂಜಲುಗಳ ಆಕ್ಷೇಪಕ್ಕೆ ಗೌತಮಧರ್ಮಸೂತ್ರದ ಎರಡನೆಯ ಅಧ್ಯಾಯದ ಆರಂಭದಲ್ಲಿಯೇ ಸಮಾಧಾನವಿದೆ. ಉಪನಯನಕ್ಕೆ ಮುಂಚೆ ಮಗುವಿಗೆ ನಡೆ, ನುಡಿ, ಊಟಗಳಲ್ಲಿ ಕಟ್ಟುಪಾಡಿಲ್ಲ. ಅದಕ್ಕೆ ಆಚಮನದ ವಿಧಿಯಿಲ್ಲ. ಒರೆಸುವುದು, ತೊಳೆಯುವುದು, ನೀರು ಚಿಮುಕಿಸುವುದು ಇಷ್ಟೇ ಸಾಕು. ಅದರ ಸ್ಪರ್ಶದಿಂದ ಅಶೌಚವೂ ಇಲ್ಲ. ಮಡಿಯ ಪಾತ್ರೆಯೊಳಗೆ ಮಗು ಕೈಯಿಡಲೆಂದು ಇದರ ಅರ್ಥವಲ್ಲ. ಬಡಿಸುವವರು ಎಚ್ಚರದಿಂದ ಅದರ ಪಾಲನ್ನು ಬೇರೆ ತೆಗೆದಿಟ್ಟರಾಯಿತು. ಬೇರೆಯಾಗಬೇಕಾದದ್ದು ತಟ್ಟೆ, ಅಡಿಗೆ ಬೇರೆಯಾಗಬೇಕಿಲ್ಲ.

ಹಾಗಾದರೆ ನೈವೇದ್ಯವಿಲ್ಲದೆ ಕೊಡಬಹುದೇ? ಇಲ್ಲಿ ಛಾಂದೋಗ್ಯೋಪನಿಷತ್ತಿನ ಉಷಸ್ತಿಯ ಕಥೆಯನ್ನು ನೆನೆಯಬೇಕು. ಕುರುದೇಶದಲ್ಲಿ ಕ್ಷಾಮ ಬಂದಾಗ ಆ ಜ್ಞಾನಿ ಒಬ್ಬ ಆನೆಯವನು ತಿನ್ನುತ್ತಿದ್ದ ಎಂಜಲು ಕಾಳನ್ನು ಬೇಡಿ ಉಂಡ. ಅವನು ನೀರನ್ನೂ ಕೊಡಹೋದಾಗ ಮಾತ್ರ ಬೇಡವೆಂದ. ಕಾಳಿಲ್ಲದೆ ಪ್ರಾಣ ನಿಲ್ಲುತ್ತಿರಲಿಲ್ಲ, ನೀರು ಬೇಕಾದಲ್ಲಿ ಸಿಗುತ್ತದೆ ಎಂಬುದು ಅವನ ಸಮಾಧಾನ. ಅನಿವಾರ್ಯಕ್ಕೆ ಒಂದು ನಿಯಮ, ಅನುಕೂಲಕ್ಕೆ ಮತ್ತೊಂದು. ಈ ವಿವೇಕವನ್ನು ನಮ್ಮ ಪ್ರಶ್ನೆಗೆ ಹೊಂದಿಸಿ ನೋಡಿದರೆ ಒಂದು ಸತ್ಯ ಕಾಣುತ್ತದೆ: ಮಗುವಿನ ಹಸಿವು ಅನಿವಾರ್ಯ, ಪೂಜೆಯನ್ನು ಹನ್ನೊಂದೂವರೆಯವರೆಗೆ ಬೆಳೆಸುವುದು ನಮ್ಮ ಅನುಕೂಲ. ಹೆಚ್ಚಿನ ಮನೆಗಳಲ್ಲಿ ದೇವರಿಗೂ ಮಗುವಿಗೂ ನಡುವೆ ವಿರೋಧವನ್ನು ತಂದಿಟ್ಟದ್ದು ಶಾಸ್ತ್ರವಲ್ಲ, ನಮ್ಮ ಗಡಿಯಾರ.

ಆದ್ದರಿಂದ ಪರಿಹಾರವೂ ಸುಲಭ. ಅನ್ನ, ತೊವ್ವೆ ಆದೊಡನೆ ತುಪ್ಪ ಹಾಕಿ ತುಳಸೀದಳವಿಟ್ಟು ಸಂಕ್ಷೇಪವಾಗಿ ನಿವೇದಿಸಿ ಮಕ್ಕಳ ಪಾಲನ್ನು ತೆಗೆಯುವುದು. ವಿಸ್ತಾರವಾದ ಅರ್ಚನೆ, ಪಾರಾಯಣಗಳನ್ನು ಆ ಮೇಲೆ ನೆಮ್ಮದಿಯಿಂದ ಮಾಡುವುದು. ಅಷ್ಟಕ್ಕೂ ಸಮಯವಿಲ್ಲದಂತೆ ಕೂಸು ಹಸಿದು ಅತ್ತರೆ, ಮನಸ್ಸಿನಲ್ಲಿ ಅರ್ಪಿಸಿ ಉಣಿಸಬೇಕು. ಪ್ರಾಣಿಗಳ ದೇಹದಲ್ಲಿ ವೈಶ್ವಾನರನಾಗಿದ್ದು ನಾಲ್ಕು ಬಗೆಯ ಅನ್ನವನ್ನು ಪಚನಮಾಡುವವನು ತಾನೇ ಎಂದು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಹೇಳಿರುವುದು ದೊಡ್ಡವರ ಹೊಟ್ಟೆಯ ವಿಷಯವಾಗಿ ಮಾತ್ರವಲ್ಲ. ಕೂಸಿನೊಳಗೂ ಅಂತರ್ಯಾಮಿಯಾಗಿರುವ ಆ ವೈಶ್ವಾನರನಿಗೆ ಉಣಿಸುತ್ತಿದ್ದೇನೆಂಬ ಅನುಸಂಧಾನವಿದ್ದರೆ ತಾಯಿಯ ಆ ಕೆಲಸವೇ ಪೂಜೆಯಾಗುತ್ತದೆ.

ಕೂಸಿಗೆ ಮನೆಯ ಅನ್ನ

ಇನ್ನು ಮೂರನೆಯ ಆಕ್ಷೇಪ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಅನ್ನಪ್ರಾಶನವನ್ನು ಆರನೆಯ ತಿಂಗಳಿಗೆ ವಿಧಿಸಲಾಗಿದೆ. ಇಂದಿನ ವೈದ್ಯರೂ ವಿಶ್ವ ಆರೋಗ್ಯ ಸಂಸ್ಥೆಯೂ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ, ಆ ಮೇಲೆ ಹಾಲಿನೊಡನೆ ಅನ್ನಾಹಾರ, ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಎದೆಹಾಲು ಮುಂದುವರಿಯಲಿ ಎನ್ನುತ್ತಾರೆ. ಆ ಸಂಸ್ಕಾರದಲ್ಲಿ ಕೂಸಿನ ಬಾಯಿಗೆ ಇಡುವುದು ಮನೆಯ ಅನ್ನವನ್ನೇ. ಕೂಸು ಮನೆಯ ಪಂಕ್ತಿಗೆ ಸೇರುವ ದಿನವದು. ಅಂದು ಬೆಳ್ಳಿಯ ಬಟ್ಟಲಲ್ಲಿ ಮನೆಯ ಅನ್ನ ತಿನ್ನಿಸಿ ಮರುದಿನದಿಂದಲೇ ಪಂಕ್ತಿಯಿಂದ ಹೊರಗಿಡುವುದು ಸಂಸ್ಕಾರದ ಆಶಯಕ್ಕೆ ಒಪ್ಪುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಅದೇ ಸೂತ್ರದಲ್ಲಿ ಮೊಸರು, ಜೇನು, ತುಪ್ಪ ಬೆರೆಸಿದ ಅನ್ನವನ್ನು ಹೇಳಿದೆ. ಆದರೆ ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಜಾತಿಯ ಸೂಕ್ಷ್ಮಾಣುಗಳು ಎಳೆಗರುಳಿನಲ್ಲಿ ಬೆಳೆದು ವಿಷವುಂಟುಮಾಡಬಲ್ಲವೆಂದು ಇಂದು ತಿಳಿದಿದೆ. ಒಂದು ವರ್ಷ ತುಂಬುವವರೆಗೆ ಜೇನನ್ನು ಕೊಡಬಾರದು. ಪುರೋಹಿತರಿಗೆ ಮೊದಲೇ ತಿಳಿಸಿ ಜೇನನ್ನು ದೇವರ ಮುಂದಿಟ್ಟು, ಕೂಸಿಗೆ ಮೊಸರು ತುಪ್ಪಗಳ ಅನ್ನವನ್ನಷ್ಟೇ ಮುಟ್ಟಿಸಿದರೆ ಸಂಸ್ಕಾರಕ್ಕೆ ಕುಂದು ಬಾರದೆಂದು ನನ್ನ ನಂಬಿಕೆ. ಸುಮಧ್ವವಿಜಯದ ಎರಡನೆಯ ಸರ್ಗದಲ್ಲಿ, ತಾಯಿ ಮನೆಯಲ್ಲಿಲ್ಲದಾಗ ಅಳುತ್ತಿದ್ದ ಶಿಶು ವಾಸುದೇವನಿಗೆ ಅಕ್ಕನು ಬೆಂದ ಹುರುಳಿಯನ್ನು ತಿನ್ನಿಸಿದ ಪ್ರಸಂಗ ನಮಗೆಲ್ಲ ಪ್ರಿಯವಾದದ್ದು. ಅದನ್ನು ಅರಗಿಸಿಕೊಂಡದ್ದು ವಾಯುದೇವರ ಅವತಾರವಾದ ಶಿಶು. ಮನೆಗೆ ಮರಳಿದ ತಾಯಿ ಅದನ್ನು ಕೇಳಿ ಭಯಪಟ್ಟಳೆಂದೂ ಕವಿ ನಾರಾಯಣಪಂಡಿತಾಚಾರ್ಯರು ಹೇಳಿದ್ದಾರೆ. ಆ ಮಹಿಮೆಗೆ ಕೈ ಮುಗಿಯೋಣ. ನಮ್ಮ ಮನೆಯ ಕೂಸಿನ ವಿಷಯದಲ್ಲಿ ಆ ತಾಯಿಯ ಭಯವನ್ನು ಅನುಸರಿಸೋಣ.

ಒಂದೇ ಅಡಿಗೆಯ ಕ್ರಮ

ನಮ್ಮ ಮನೆಯಲ್ಲಿ ಈಗ ನಡೆಯುವ ಕ್ರಮವನ್ನು ಉಪಯೋಗವಾಗಬಹುದೆಂದು ತಿಳಿಸುತ್ತೇನೆ. ಕುಕ್ಕರಿನಲ್ಲಿ ಮೂರು ಪಾತ್ರೆ: ಒಂದರಲ್ಲಿ ಅಕ್ಕಿ, ಒಂದರಲ್ಲಿ ಚಿಟಿಕೆ ಅರಿಸಿನ ಹಾಕಿದ ತೊಗರಿಬೇಳೆ ಅಥವಾ ಹೆಸರುಬೇಳೆ, ಮೂರನೆಯದರಲ್ಲಿ ಹೋಳು ಮಾಡಿದ ಸಿಹಿಗುಂಬಳ, ಗಜ್ಜರಿ ಮುಂತಾದ ತರಕಾರಿ. ಯಾವುದಕ್ಕೂ ಉಪ್ಪಿಲ್ಲ, ಖಾರವಿಲ್ಲ. ಇಷ್ಟು ಬೆಂದೊಡನೆ ನೈವೇದ್ಯ. ಆ ಮೇಲೆ ಮಕ್ಕಳ ಪಾಲು ಬೇರೆ. ಕೂಸಿಗೆ ಅನ್ನ, ತೊವ್ವೆ, ಒಂದು ಹೋಳು ತರಕಾರಿಗಳನ್ನು ತುಪ್ಪದೊಡನೆ ನುಣ್ಣಗೆ ಹಿಸುಕಿ ಕೊಡುವುದು. ಅದು ಚಮಚದಿಂದ ಸೋರಿಹೋಗುವಷ್ಟು ತೆಳ್ಳಗಿರಬಾರದು, ತೆಳ್ಳಗಾದಷ್ಟೂ ಸತ್ತ್ವ ಕಡಿಮೆ. ದೊಡ್ಡ ಮಗುವಿಗೆ ಅದೇ ಅನ್ನ ತೊವ್ವೆ, ಬೆರಳಲ್ಲಿ ಹಿಡಿಯುವಂಥ ಮೆತ್ತನೆಯ ಹೋಳು, ಕೊನೆಗೆ ಮೊಸರನ್ನ. ಉಳಿದ ಬೇಳೆಗೆ ಹುಳಿಪುಡಿ ಬಿದ್ದರೆ ಹಿರಿಯರ ಹುಳಿ, ತರಕಾರಿಗೆ ಒಗ್ಗರಣೆ ಬಿದ್ದರೆ ಪಲ್ಯ. ರಾತ್ರಿ ಚಪಾತಿಯಾದರೆ ಮಕ್ಕಳ ಪಾಲನ್ನು ತೊವ್ವೆಯಲ್ಲಿ ನೆನೆಸುವುದು. ಇಡ್ಲಿಯಾದರೆ ಎಲ್ಲರಿಗೂ ಒಂದೇ. ಎಲೆಯ ತುದಿಗೆ ಉಪ್ಪು ಬಡಿಸುವ ನಮ್ಮ ಹಿರಿಯರ ಪದ್ಧತಿ ಇಲ್ಲಿ ಬಹಳ ಉಪಕಾರಿ. ಬೇಕಾದವರು ಬೇಕಾದಷ್ಟು ಬೆರೆಸಿಕೊಳ್ಳಬಹುದು.

ನಮ್ಮ ಮಕ್ಕಳ ವೈದ್ಯರು ಹೇಳಿದ ಕೆಲವು ಮಾತುಗಳನ್ನೂ ಸೇರಿಸುತ್ತೇನೆ. ಒಂದು ವರ್ಷದೊಳಗಿನ ಕೂಸಿಗೆ ಉಪ್ಪು ಸೇರಿಸುವುದು ಬೇಡ; ಸಕ್ಕರೆ ಬೆಲ್ಲಗಳು ಎರಡು ವರ್ಷದವರೆಗೆ ದೂರವಿದ್ದಷ್ಟೂ ಒಳ್ಳೆಯದು. ಇಡಿಯ ಕಡಲೆಕಾಯಿಬೀಜ, ಗೋಡಂಬಿ, ಇಡಿಯ ದ್ರಾಕ್ಷಿಗಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಚಿಕ್ಕ ಮಕ್ಕಳಿಗೆ ಕೂಡದು. ಹೊಸ ಪದಾರ್ಥವನ್ನು ಒಂದೊಂದಾಗಿ ಆರಂಭಿಸಬೇಕು. ಆರು ತಿಂಗಳ ಮೇಲೆ ತಾಯಿಯ ಹಾಲಿನ ಕಬ್ಬಿಣಸತ್ತ್ವವೊಂದೇ ಸಾಲದಾದ್ದರಿಂದ, ಶಾಕಾಹಾರಿಗಳಾದ ನಾವು ಬೇಳೆ, ಸೊಪ್ಪುಗಳನ್ನು ಎರಡು ಹನಿ ನಿಂಬೆರಸದೊಡನೆ ಕೊಡಬೇಕು. ಔಷಧದ ಹನಿ ಬೇಕೇ ಎಂಬುದನ್ನು ವೈದ್ಯರನ್ನು ಕೇಳಬೇಕು. ಕೂಸನ್ನು ನೆಟ್ಟಗೆ ಕೂರಿಸಿ, ಎದುರಿಗಿದ್ದು ಉಣಿಸಬೇಕು. ಬಾಯಿ ತಿರುಗಿಸಿದರೆ ಬಲವಂತ ಮಾಡಬಾರದು.

ಏಕಾದಶಿಯ ದಿನ ಏನು ಮಾಡಬೇಕೆಂದು ಹಲವರು ಕೇಳುತ್ತಾರೆ. ಎಂಟು ವರ್ಷದಿಂದ ಎಂಬತ್ತರವರೆಗೆ ಉಪವಾಸದ ವಿಧಿಯೆಂಬುದು ಪ್ರಸಿದ್ಧ. ಅಂದು ಕೂಸುಗಳಿಗಾಗಿ ಒಲೆ ಹಚ್ಚಿದರೆ ವ್ರತಕ್ಕೆ ಭಂಗವಿಲ್ಲ. ಚಾತುರ್ಮಾಸ್ಯದ ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳಲ್ಲಿಯೂ ಸಂಕಲ್ಪ ಮಾಡಿದವರಿಗೆ ನಿಯಮ. ದ್ವಿದಳವ್ರತದ ತಿಂಗಳಲ್ಲಿ ಹಿರಿಯರು ಬೇಳೆ ಬಿಟ್ಟರೆಂದು ಎಂಟು ತಿಂಗಳ ಕೂಸಿನ ಬೇಳೆಯನ್ನೂ ಬಿಡಿಸುವುದು ಸರಿಯಾಗಿ ತೋರುವುದಿಲ್ಲ. ಆ ತಿಂಗಳು ಮಾತ್ರ ಒಂದು ಚಿಕ್ಕ ಪಾತ್ರೆ ಬೇರೆಯಿರಲಿ. ವಿಶೇಷ ಸಂಶಯವಿದ್ದವರು ಮಠದ ವಿದ್ವಾಂಸರನ್ನು ಕೇಳಿ ನಡೆದುಕೊಳ್ಳಬಹುದು.

ಕೊನೆಯ ತುತ್ತು

ಮೊದಲ ತುತ್ತಿನ ನಿರ್ಣಯವಾಯಿತು. ಕೊನೆಯ ತುತ್ತು ಯಾರಿಗೆ? ಯಾಜ್ಞವಲ್ಕ್ಯರ ಪಟ್ಟಿಯ ಕೊನೆಯಲ್ಲಿ ಇದಕ್ಕೂ ಉತ್ತರವಿದೆ. ಎಲ್ಲರೂ ಉಂಡಮೇಲೆ ಉಳಿದದ್ದು ದಂಪತಿಗಳ ಪಾಲು. ಮನುವೂ ಇದನ್ನೇ ಹೇಳುತ್ತಾನೆ. ಸಂಸ್ಕೃತ ಬಲ್ಲವರು ಆ ಪದದ ದ್ವಿವಚನವನ್ನು ಗಮನಿಸಬೇಕು. ಶೇಷಭೋಜನವು ಗಂಡಹೆಂಡಿರಿಬ್ಬರಿಗೂ ಹೇಳಿದ ಧರ್ಮ. ಅದು ಹೆಂಡತಿಯೊಬ್ಬಳ ಪಾಲಿನದಲ್ಲ. ಯಜಮಾನನು ಮೊದಲ ಪಂಕ್ತಿಯಲ್ಲಿ ಉಂಡೆದ್ದು, ಗೃಹಿಣಿ ಮೂರು ಗಂಟೆಗೆ ಒಬ್ಬಳೇ ಆರಿದ ಅನ್ನ ಉಣ್ಣುವ ಪದ್ಧತಿಗೆ ಈ ಸ್ಮೃತಿವಚನಗಳಲ್ಲಿ ಆಧಾರವಿಲ್ಲ. ನಾನು ಈ ವಚನಗಳನ್ನು ಯೌವನದಲ್ಲಿಯೇ ಓದಿದ್ದೆ. ದ್ವಿವಚನವನ್ನು ವ್ಯಾಕರಣವಾಗಿ ಕಂಡಿದ್ದೆನೇ ಹೊರತು ನನಗೆ ಹೇಳಿದ ಮಾತಾಗಿ ಕಂಡಿರಲಿಲ್ಲ.

ನಿವೃತ್ತಿಯ ನಂತರ ನಾವು ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದೇವೆ. ಅವನಿಗೂ ಈಗ ಎರಡೂವರೆ ವರ್ಷದ್ದೊಂದು, ಎಂಟು ತಿಂಗಳದ್ದೊಂದು. ನಾಲ್ಕು ಅಡಿಗೆಯ ನಡುವೆ ಓಡಾಡುತ್ತಿದ್ದ ಸೊಸೆಗೆ ಒಂದು ದಿನ ನನ್ನಾಕೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ನಾನೂ ವರ್ಷಾನುಗಟ್ಟಲೆ ಮೂರು ಗಂಟೆಗೇ ಉಂಡವಳಮ್ಮ. ನೀನು ಹಾಗೆ ಮಾಡಬೇಡ. ಮಕ್ಕಳಿಗೆ ಹಾಕಿಬಿಟ್ಟು ನೀನೂ ತಟ್ಟೆ ಇಟ್ಟುಕೋ." ಆ ಮಾತಿನಲ್ಲಿ ದೂರಿರಲಿಲ್ಲ. ಪತ್ರಿಕೆ ಓದುತ್ತಿದ್ದ ನಾನು ಅಲ್ಲಿರುವುದು ಆಕೆಗೆ ಗೊತ್ತಿತ್ತೋ ಇಲ್ಲವೋ ತಿಳಿಯದು. ಮೂವತ್ತು ವರ್ಷ ನೈವೇದ್ಯದ ವೇಳೆಯನ್ನು ನಿಶ್ಚಯಿಸಿದವನು ನಾನು. ಆಕೆ ಎಷ್ಟು ಗಂಟೆಗೆ ಉಂಡಳೆಂದು ಒಂದು ದಿನವೂ ಕೇಳಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಕೆಲವು ಬದಲಾವಣೆಗಳಾದವು. ನಾನು ಒಂದು ಗಂಟೆ ಮುಂಚಿತವಾಗಿ ಏಳುತ್ತೇನೆ. ಒಂಬತ್ತಕ್ಕೆ ಮೊದಲ ನೈವೇದ್ಯವಾಗುತ್ತದೆ. ಹುಳಿಗೆ ತರಕಾರಿ ಹೆಚ್ಚುವ ಕೆಲಸ ನನ್ನದು. ಕೂಸಿಗೆ ಅಜ್ಜಿ ಉಣಿಸುತ್ತಾಳೆ, ದೊಡ್ಡವನು ನನ್ನ ಪಕ್ಕದಲ್ಲಿ ಕೂರುತ್ತಾನೆ. ಬೆಳಗ್ಗೆ ಡಬ್ಬಿ ಹಿಡಿದು ಓಡುವ ಮಗನು ರಾತ್ರಿ ಮಕ್ಕಳ ಊಟವಾಗುವವರೆಗೆ ಕಾದು ಹೆಂಡತಿಯೊಡನೆ ಉಣ್ಣುತ್ತಾನೆ. ನಾನು ಪರಿಷೇಚನ ಮಾಡಿ ಚಿತ್ರಾಹುತಿ ಇಡುವಾಗ ಮೊಮ್ಮಗನೂ ತನ್ನ ತಟ್ಟೆಯ ಸುತ್ತ ನೀರು ಚೆಲ್ಲಿ ನಾಲ್ಕು ಅಗುಳು ಪಕ್ಕದಲ್ಲಿಟ್ಟು, "ಗೋವಿಂದ" ಎನ್ನುತ್ತಾನೆ. ಯಾರೂ ಅವನಿಗೆ ಕಲಿಸಿದ್ದಲ್ಲ. ಒಟ್ಟಿಗೆ ಕುಳಿತದ್ದರಿಂದ ಬಂದದ್ದು. ಬಿಸ್ಕತ್ತು ಕೊಟ್ಟು ಹೊರಗೆ ಕೂರಿಸಿದ್ದರೆ ಬರುತ್ತಿರಲಿಲ್ಲ.

ಫಲ

ಸಾರಾಂಶವಿಷ್ಟು. ಅನ್ನ ಒಂದೇ ಆಗಲಿ, ಅದು ಭಗವಂತನಿಗೆ ಅರ್ಪಿತವಾಗಲಿ. ಕಾಯಲಾರದವರಿಗೆ ಮೊದಲ ತುತ್ತು, ಕಾಯಬಲ್ಲ ಗಂಡಹೆಂಡಿರಿಗೆ ಒಟ್ಟಿಗೆ ಕೊನೆಯ ತುತ್ತು. ಇದರಿಂದ ಆಚಾರ ಸಡಿಲವಾಗದು, ಆಚಾರದ ಭಾರವು ಹೊರಬೇಕಾದವರ ಹೆಗಲಿಗೆ ಬರುತ್ತದೆ.

ದ್ವಾದಶಿಯ ಬೆಳಗ್ಗೆ ಪಾರಣೆಗೆ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಹಿಂದಿನ ದಿನ ಉಪವಾಸವಿದ್ದವರು ನಾವು, ಉಂಡವರು ಮಕ್ಕಳು. ಆದರೂ ಆತುರ ಹೆಚ್ಚು ಅವರಿಗೇ. ಪಟದಲ್ಲಿ ಕಡೆಗೋಲು ಹಿಡಿದ ಬಾಲಕೃಷ್ಣನಿದ್ದಾನೆ. ಸೊಲ್ಲಾಪುರದ ಆ ಅಜ್ಜಿ ಈಗಿಲ್ಲ. ಅಂದು ಅವರು ಕೇಳಿದ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಈ ಲೇಖನದ ರೂಪದಲ್ಲಿ ತಡವಾಗಿ ಸಲ್ಲಿಸಿದ್ದೇನೆ.

ಶ್ರೀಕೃಷ್ಣಾರ್ಪಣಮಸ್ತು